ತಂತಿಯ ಜೊತೆಗೆ ಕಡತವೂ ಊರಿಗೆ ಬರಲಿ

ಮಲೆನಾಡಿಗೆ ದೂರಸಂಪರ್ಕ ಬೇಕೇ ಬೇಡವೇ ಎಂಬ ಚರ್ಚೆ ಇಂದು ಅಪ್ರಸ್ತುತ. 2020-21ರ ಕೊರೊನಾ ಕಾಲದಲ್ಲಿ ನಮ್ಮ ವಿದ್ಯಾರ್ಥಿಗಳು ಸಿಗ್ನಲ್ ಅರಸಿ ಗುಡ್ಡದ ನೆತ್ತಿಯಲ್ಲಿ ಕುಳಿತು ಪಾಠ ಕೇಳಿದ್ದನ್ನು ಯಾರೂ ಮರೆತಿಲ್ಲ. ಆದರೆ ಕಾಡಿನ ಮೂಲಕ ಕೇಬಲ್ ತರಲು ಯಾವ ಕಾಗದ, ಯಾರ ಒಪ್ಪಿಗೆಯೊಡನೆ ಸಲ್ಲಿಕೆಯಾಗಬೇಕೆಂಬುದು ಬಹಳ ಮಂದಿಗೆ ತಿಳಿಯದು. 'ಅರಣ್ಯ ಇಲಾಖೆಯ ಅಡ್ಡಿ' ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ.

2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು 13 ಸೌಕರ್ಯಗಳನ್ನು ಹೆಸರಿಸುತ್ತದೆ. ಶಾಲೆ, ಅಂಗನವಾಡಿ, ಕುಡಿಯುವ ನೀರಿನೊಡನೆ ವಿದ್ಯುತ್ ಮತ್ತು ದೂರಸಂಪರ್ಕ ಮಾರ್ಗಗಳೂ ಅದರಲ್ಲಿವೆ. ಸೌಕರ್ಯವು ಸರ್ಕಾರದ ನಿರ್ವಹಣೆಯದಾಗಿರಬೇಕು. ಅರಣ್ಯಭೂಮಿ ಪ್ರತಿ ಪ್ರಕರಣದಲ್ಲಿ ಒಂದು ಹೆಕ್ಟೇರಿಗಿಂತ ಕಡಿಮೆಯಿರಬೇಕು. ಕಡಿಯುವ ಮರಗಳು ಹೆಕ್ಟೇರಿಗೆ 75ನ್ನು ಮೀರಬಾರದು. ಗ್ರಾಮಸಭೆಯ ಶಿಫಾರಸು ಇರಬೇಕು. ಇಷ್ಟಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ದೀರ್ಘ ಹಾದಿ ಬೇಕಿಲ್ಲ. 2009ರಲ್ಲಿ ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ ನಿಗದಿಪಡಿಸಿದ ಕ್ರಮದಂತೆ ನಮೂನೆ 'ಎ' ಜೊತೆಗೆ ಗ್ರಾಮಸಭೆಯ ದೃಢೀಕೃತ ಠರಾವು ಸಲ್ಲಬೇಕು. ಆ ಸಭೆಯಲ್ಲಿ ಅರ್ಧದಷ್ಟು ಸದಸ್ಯರು ಹಾಜರಿರಬೇಕು. ಖಾಸಗಿ ಕಂಪನಿಗಳ ಕೇಬಲಿಗೆ ಈ ಹಾದಿ ಇಲ್ಲ.

ಹೆಕ್ಟೇರಿನ ಲೆಕ್ಕವನ್ನು ಊರವರೇ ಹಾಕಬಹುದು. ಅರ್ಧ ಮೀಟರ್ ಅಗಲದ ಅಗಳು 20 ಕಿ.ಮೀ. ಸಾಗಿದರೆ ಒಂದು ಹೆಕ್ಟೇರ್. ಯಂತ್ರದ ಓಡಾಟಕ್ಕೆಂದು ಮೂರು ಮೀಟರ್ ಸವರಿದರೆ ಸುಮಾರು 3.3 ಕಿ.ಮೀ.ಗೇ ಮಿತಿ ಮುಗಿಯುತ್ತದೆ. ಆದುದರಿಂದ ಅರ್ಜಿಯಲ್ಲಿ ನಮೂದಿಸಿದ ಅಗಲವನ್ನು ಮೊದಲು ನೋಡಬೇಕು.

ಎರಡನೆಯದು ಮಣ್ಣಿನ ಪ್ರಶ್ನೆ. ಇಳಿಜಾರಿನಲ್ಲಿ ನೇರವಾಗಿ ತೋಡಿ ಸಡಿಲ ಮಣ್ಣು ತುಂಬಿದ ಅಗಳು ಮಳೆನೀರಿಗೆ ಕಾಲುವೆಯಾಗುತ್ತದೆ. ಮಣ್ಣಿನಿಂದ ಚರಂಡಿ ಮುಚ್ಚಿದರೆ ನೀರು ದರೆಯೊಳಗೆ ಇಳಿದು ಕುಸಿತಕ್ಕೆ ಎಡೆಮಾಡುತ್ತದೆ. ಹೂಳು ಕೆಳಗಿನ ಗದ್ದೆ, ಅಡಿಕೆ ತೋಟಗಳನ್ನು ಸೇರುತ್ತದೆ. ಮುಂಗಾರಿಗೆ ಮುನ್ನ ಕೆಲಸ ಮುಗಿಸುವುದು, ಮಣ್ಣನ್ನು ಪದರಪದರವಾಗಿ ಬಡಿದು ತುಂಬುವುದು, ಚರಂಡಿ ತೆರವಾಗಿಡುವುದು: ಈ ಷರತ್ತುಗಳನ್ನು ಠರಾವಿನಲ್ಲಿಯೇ ಬರೆಸಬೇಕು.

ಹೀಗೆ ಕೇಳುವುದು ಅತಿಯಾಸೆಯಲ್ಲ. ಕೇಬಲ್ ಮಾರ್ಗಕ್ಕೆ ಸಂಬಂಧಿಸಿದ 2016ರ ನಿಯಮಗಳು ಮಾರ್ಗದ ನಕ್ಷೆ, ಕೆಲಸದ ವಿಧಾನ ಮತ್ತು ಅವಧಿ, ಜನರಿಗಾಗುವ ತೊಂದರೆ ತಗ್ಗಿಸುವ ಕ್ರಮ ಇವೆಲ್ಲವನ್ನೂ ಅರ್ಜಿಯಲ್ಲಿ ಕೇಳಿದ್ದವು. 2025ರ ಜನವರಿ 1ರಿಂದ ಹೊಸ ನಿಯಮಗಳು ಜಾರಿಯಲ್ಲಿವೆ. ಸಲ್ಲಿಕೆಯಾದ ಅರ್ಜಿಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು.

ಓದದೆ ಸಹಿ ಹಾಕಿದ ಠರಾವು ಊರಿನ ಕಾಡನ್ನೂ ಕಾಯದು, ತೋಟವನ್ನೂ ಕಾಯದು. ಠರಾವನ್ನೇ ಮಾಡದೆ ಕುಳಿತರೆ ಸಂಪರ್ಕವೂ ಬಾರದು. ಮುಂದಿನ ಗ್ರಾಮಸಭೆಯಲ್ಲಿ ನಮೂನೆ 'ಎ'ಯನ್ನು ಕನ್ನಡದಲ್ಲಿ ಓದಿ ಹೇಳುವ ಹೊಣೆಯನ್ನು ಊರಿನ ವಿದ್ಯಾರ್ಥಿಗಳು ಹೊರಲಿ.