ಬಿಲ್ಲಿನಲ್ಲಿಲ್ಲದ ಮಜೂರಿ

ಅಕ್ಕಸಾಲಿಗರ ಅಂಗಡಿಯ ಕಸಕ್ಕೂ ಬೆಲೆಯುಂಟು. ಅರ ಹಾಕುವಾಗ ಉದುರಿದ ಪುಡಿ, ಕೈ ತೊಳೆದ ನೀರಿನ ತಳದ ಮಡ್ಡಿ, ಕೂತ ಜಾಗದ ಧೂಳು ಎಲ್ಲವನ್ನೂ ಗುಡಿಸಿ ಕೂಡಿಡುತ್ತಾರೆ. ಅದನ್ನು ಕೊಂಡು, ತೊಳೆದು, ಕರಗಿಸಿ ಚಿನ್ನ ತೆಗೆಯುವವರೇ ಬೇರೆ ಇದ್ದಾರೆ. ತೂಗಿ ಕೊಟ್ಟ ಚಿನ್ನ ತೂಗಿಯೇ ಹಿಂದಿರುಗಬೇಕು, ನಡುವೆ ಸವೆದದ್ದಕ್ಕೆ ಉತ್ತರ ಹೇಳಬೇಕು. ಆ ಅಂಗಡಿಯ ಅಚ್ಚುಕಟ್ಟೆಲ್ಲ ಈ ಭಯದಿಂದ ಹುಟ್ಟಿದ್ದು.

ಭಯ ಹಳೆಯದು. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಕೈಸೇರಿದ ತಾಳೆಗರಿ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಎರಡನೆಯ ಅಧಿಕರಣದಲ್ಲಿ ಸುವರ್ಣಾಧ್ಯಕ್ಷನ ಅಕ್ಷಶಾಲೆಯ, ಅಂದರೆ ಚಿನ್ನದ ಕೆಲಸದ ಮನೆಯ, ವಿವರವಿದೆ. ಒಂದೇ ಬಾಗಿಲು, ಒಂದರಿಂದೊಂದಕ್ಕೆ ದಾರಿಯಿಲ್ಲದ ನಾಲ್ಕು ಕೋಣೆ. ಕೆಲಸದವರು ಬರುವಾಗಲೂ ಹೋಗುವಾಗಲೂ ಬಟ್ಟೆ, ಕೈ ತಡಕಬೇಕು. ಹತ್ಯಾರುಗಳೂ ಅರ್ಧ ಮುಗಿದ ಕೆಲಸವೂ ಅಲ್ಲೇ ಉಳಿಯಬೇಕು. ಸಂಜೆ, ಬೆಳಿಗ್ಗೆ ಎರಡೂ ಹೊತ್ತು ಮಾಡಿದವನ ಮತ್ತು ಮಾಡಿಸಿದವನ ಮುದ್ರೆ ಬೀಳಬೇಕು. ಇಂದು ಚಿನ್ನದ ಬಳೆಯ ಒಳಬದಿಗೆ ಲೇಸರಿನಲ್ಲಿ ಕೊರೆಯುವ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತು ಹೆಚ್‌ಯುಐಡಿ, 2023ರ ಏಪ್ರಿಲ್ 1ರಿಂದ ಕಡ್ಡಾಯವಾದದ್ದು, ಆ ಮುದ್ರೆಯ ಮೊಮ್ಮಗ. ಕೌಟಿಲ್ಯ ಅಕ್ಕಸಾಲಿಗರನ್ನು ನಂಬಿದವನಲ್ಲ. ಅವರು ಕದಿಯುವ ಉಪಾಯಗಳನ್ನು ಮುಂದಿನ ಅಧ್ಯಾಯದಲ್ಲಿ ಸಾಲಾಗಿ ಹೇಳುತ್ತಾನೆ. ಆ ಅನುಮಾನ ಅವನಿಗೇ ಇರಲಿ, ಏರ್ಪಾಡು ನಮಗಿರಲಿ.

ಆ ಏರ್ಪಾಡು ಚಿನ್ನ ಮುಟ್ಟದ ಕೈಗಳಿಗೂ ಬೇಕು. ಈಗ ಊಟದ ಮೇಜಿನ ಮೇಲೆ ರೇಷ್ಮೆ ದಾರದ ಬಳೆ, ಟೆರಾಕೋಟಾ ಜುಮುಕಿ, ಮಣಿಸರ ಮಾಡಿ ವಾಟ್ಸಾಪಿನಲ್ಲಿ ಮಾರುವ ಹೆಣ್ಣುಮಕ್ಕಳು ಬೀದಿಗಿಬ್ಬರಾದರೂ ಸಿಗುತ್ತಾರೆ. ಕೈಚಳಕಕ್ಕೆ ಕೊರತೆಯಿಲ್ಲ. ತೊಡಕೆಂದರೆ ಸಾಮಾನು ಅಗ್ಗ. ಸೋಫಾದಡಿ ಉರುಳಿದ ಮಣಿಯನ್ನು ಯಾರೂ ಹುಡುಕುವುದಿಲ್ಲ, ಕಳೆದ ಹೊತ್ತನ್ನೂ ಹಾಗೆಯೇ ಬಿಟ್ಟುಬಿಡುತ್ತಾರೆ. ಒಂದು ಜೊತೆ ಓಲೆಗೆ ಸಾಮಾನು 60 ರೂಪಾಯಿ, ಮಾರಿದ್ದು 150ಕ್ಕೆ, ಲಾಭ 90 ಎಂದಿಟ್ಟುಕೊಳ್ಳಿ. ಡಬ್ಬಿಗೆ, ಕೊರಿಯರ್‌ಗೆ 50 ಕಳೆದರೆ ಉಳಿಯುವ 40 ರೂಪಾಯಿ ಎರಡು ಗಂಟೆ ಬೆನ್ನು ಬಗ್ಗಿಸಿದ್ದಕ್ಕೆ ಕೂಲಿ. ಚಿನ್ನದಂಗಡಿಯಲ್ಲಿ ಮಜೂರಿಯನ್ನು ಬೇರೆ ಲೆಕ್ಕ ಹಾಕಿಯೇ ವಸೂಲು ಮಾಡುತ್ತಾರೆ. ಇಲ್ಲಿ “ಸುಮ್ನೆ ಕೂರೋ ಬದಲು ಮಾಡ್ತೀನಿ” ಎಂಬ ಒಂದು ಮಾತು ಅದನ್ನು ಅಳಿಸಿಹಾಕಿದೆ. ಮನೆಯವರಿಗೂ ಅದೇ ಅನುಕೂಲ.

ರಾತ್ರಿ ಊಟಕ್ಕೆ ಮೇಜು ಖಾಲಿಯಾಗಬೇಕು. ಆಗ ಅರ್ಧ ಪೋಣಿಸಿದ ಮೂರು ಸರಗಳೂ ಒಂದೇ ಡಬ್ಬಿಗೆ ಬೀಳುತ್ತವೆ, ಎಡವಟ್ಟಾಗುವುದು ಅಲ್ಲೇ. ಒಂದೊಂದು ಆರ್ಡರಿಗೆ ಅಂಚಿರುವ ಒಂದೊಂದು ತಟ್ಟೆ ಇಟ್ಟು, ಯಾರದು, ಯಾವತ್ತಿಗೆ ಬೇಕು, ಮುಂಗಡ ಎಷ್ಟು, ಮಣಿ ಎಷ್ಟು ಹಾಕಿದೆ ಎಂದು ಚೀಟಿ ಬರೆದಿಟ್ಟರೆ ತಟ್ಟೆಯನ್ನು ಹಾಗೇ ಎತ್ತಿ ಕಪಾಟಿಗಿಡಬಹುದು. ಮಣಿಯ ಪೊಟ್ಟಣದ ಮೇಲಿನ ಬಣ್ಣದ ನಂಬರನ್ನು ಕೊನೆಯ ಮಣಿ ಮುಗಿಯುವವರೆಗೂ ಹರಿಯಬಾರದು. ಮುಂದಿನ ಸಲ ತಂದ ಮರೂನ್ ಈ ಮರೂನ್‌ಗೆ ಕೂಡಬೇಕಲ್ಲ! ಮುರಿದ ಕೊಂಡಿ, ಒಡೆದ ಜುಮುಕಿ ಒಂದು ಡಬ್ಬಿಯಲ್ಲಿರಲಿ, ತಿಂಗಳಿಗೊಮ್ಮೆ ಎಣಿಸಿದರೆ ಸವೆತ ಗೊತ್ತಾಗುತ್ತದೆ. ವಾಟ್ಸಾಪಿನ ಆರ್ಡರನ್ನು ಶುಭೋದಯದ ಹೂವುಗಳಡಿ ಹೂತುಹೋಗುವ ಮುಂಚೆ, ಅಂದೇ ರಾತ್ರಿ ಬರೆದುಕೊಳ್ಳಬೇಕು. ಎಕ್ಸೆಲ್ ಬಂದರೆ ಒಳ್ಳೆಯದೇ, ಗೋಂದು ಮೆತ್ತಿದ ಬೆರಳಿಗೆ ಮಾತ್ರ ನೋಟ್‌ಬುಕ್ಕು, ಪೆನ್ಸಿಲ್ಲೇ ವಾಸಿ. ಅದರ ಮೊದಲ ಕಲಂ ಗಂಟೆಗಳದ್ದಾಗಿರಲಿ. ಸಾಮಾನಿನ ಬೆಲೆಯನ್ನು ಅಂಗಡಿಯ ಬಿಲ್ಲು ಹೇಗೂ ನೆನಪಿಸುತ್ತದೆ.