ಪ್ರೇಕ್ಷಕನಿಗೆ ಮಾತ್ರ ತಿಳಿದದ್ದು

ನಾಟಕ ಮೊದಲಾಗುವ ಮುನ್ನವೇ ಅದರ ಮುಕ್ತಾಯವನ್ನು ಹೇಳಿಬಿಡುವುದು ಜಾಣತನವೆ? 'ರೋಮಿಯೊ ಮತ್ತು ಜೂಲಿಯೆಟ್' ನಾಟಕದಲ್ಲಿ ಷೇಕ್ಸ್‌ಪಿಯರ್ ಮಾಡಿದ್ದು ಅದನ್ನೇ. 1597ರಲ್ಲಿ ಮೊದಲು ಅಚ್ಚಾದ ಈ ದುರಂತನಾಟಕದ ಪ್ರಸ್ತಾವನೆಯಲ್ಲಿಯೇ ವೆರೋನಾ ನಗರದ ಎರಡು ಮನೆತನಗಳ ಹಗೆ, ಅವುಗಳ ಮಕ್ಕಳ ಒಲವು, ಅವರ ಸಾವು ಎಲ್ಲವೂ ಹೊರಬೀಳುತ್ತವೆ. ಮುಂದೇನಾಗುವುದೋ ಎಂಬ ಕುತೂಹಲವನ್ನು ಕವಿ ತಾನಾಗಿಯೇ ಬಿಟ್ಟುಕೊಟ್ಟು, ಪಾತ್ರಗಳಿಗಿಲ್ಲದ ಅರಿವನ್ನು ಪ್ರೇಕ್ಷಕನಿಗೆ ಒಪ್ಪಿಸಿದ. ವಿಮರ್ಶಕರು ಇದನ್ನು ನಾಟಕೀಯ ವ್ಯಂಗ್ಯವೆನ್ನುತ್ತಾರೆ. ಹೆಸರು ಒಣಗಲು, ರಂಗದ ಮೇಲೆ ಅದರ ಕೆಲಸ ಮಾತ್ರ ಕರುಳು ಹಿಂಡುವಂಥದು.

ಜೂಲಿಯೆಟ್ಟಳಿಗೆ 14 ತುಂಬಲು ಎರಡು ವಾರಕ್ಕಿಂತ ತುಸು ಹೆಚ್ಚು ಕಾಲವಿದೆ. ಆರ್ಥರ್ ಬ್ರೂಕ್ 1562ರಲ್ಲಿ ಪ್ರಕಟಿಸಿದ ಕಥನಕಾವ್ಯ ಈ ನಾಟಕಕ್ಕೆ ಆಕರ. ಅಲ್ಲಿ ಅವಳಿಗೆ ಹೆಚ್ಚುಕಡಿಮೆ 16 ವರ್ಷ. ಕಥೆಯೂ ತಿಂಗಳುಗಟ್ಟಲೆ ನಡೆಯುತ್ತದೆ. ನಾಟಕದಲ್ಲಾದರೋ ಭಾನುವಾರ ರಾತ್ರಿ ಕಂಡವರು ಸೋಮವಾರ ಮದುವೆಯಾಗುತ್ತಾರೆ. ಗುರುವಾರ ಬೆಳಗಾಗುವಷ್ಟರಲ್ಲಿ ಇಬ್ಬರೂ ಇಲ್ಲ. ಇದು ಬರಿಯ ಹುಡುಗಾಟವೆಂದು ತಳ್ಳಿಹಾಕುವ ಹಿರಿಯರುಂಟು. ಆದರೆ ನಾಟಕದ ಹಿರಿಯರ ಅವಸರವೇನು ಕಡಿಮೆಯೆ? ಮಗಳ ಮದುವೆಗೆ ಇನ್ನೆರಡು ಬೇಸಗೆ ಕಳೆಯಲಿ ಎಂದಿದ್ದ ತಂದೆಯೇ ಪ್ಯಾರಿಸನೊಡನೆ ಗುರುವಾರಕ್ಕೆ ಲಗ್ನ ಗೊತ್ತುಮಾಡುತ್ತಾನೆ. ಅದನ್ನು ಮತ್ತೆ ಬುಧವಾರಕ್ಕೆ ಎಳೆಯುತ್ತಾನೆ. ಅವಳ ಮದುವೆ ಆಗಲೇ ಆಗಿಹೋಗಿದೆಯೆಂಬುದು ಆ ಮನೆಯಲ್ಲಿ ದಾದಿಯೊಬ್ಬಳಿಗೇ ಗೊತ್ತು.

ಬುಧವಾರ ಬೆಳಗಿನ ಜಾವ ಕೆಳಗೆ ಸೌದೆ ಹೊರುವವರ ಓಡಾಟ, ಅಡುಗೆಗೆ ಖರ್ಜೂರ ಬೇಕೆಂಬ ಕೂಗು. ಮೇಲೆ ಕೋಣೆಯಲ್ಲಿ, ಪಾದ್ರಿ ಲಾರೆನ್ಸನು ಕೊಟ್ಟ ಮದ್ದು ಕುಡಿದ ಮದುವಣಗಿತ್ತಿ 42 ಗಂಟೆಗಳ ಹುಸಿಮರಣದಲ್ಲಿ ಮಲಗಿದ್ದಾಳೆ. ಮನೆಯವರ ಗೋಳು ಕೇಳುವಾಗ ಪ್ರೇಕ್ಷಕನಿಗೆ ಅಳು ಬಾರದು. ಅವನ ದುಃಖ ಕಾದಿರುವುದು ಮುಂದೆ.

ಗಡೀಪಾರಾಗಿ ಮ್ಯಾಂಟುವಾದಲ್ಲಿರುವ ರೋಮಿಯೊ ಒಂದು ಕನಸು ಕಂಡು ಹಿಗ್ಗುತ್ತಾನೆ: ತಾನು ಸತ್ತಿರಲು ಜೂಲಿಯೆಟ್ಟಳು ಬಂದು ಮುತ್ತಿಟ್ಟು ಬದುಕಿಸಿದಳಂತೆ! ಆ ಕನಸಿನಲ್ಲಿ ಸಾವೂ ಮುತ್ತೂ ನಿಜವಾಗುತ್ತವೆ. ಬದುಕುವುದೊಂದು ಮಾತ್ರ ಇಲ್ಲ. ನಿಜಸಂಗತಿ ತಿಳಿಸುವ ಓಲೆ ಹೊತ್ತವನು ಪ್ಲೇಗಿನ ಶಂಕೆಯಿಂದ ಮುಚ್ಚಿದ ಮನೆಯಲ್ಲಿ ಸಿಕ್ಕಿಬಿದ್ದಿದ್ದಾನೆ. ಸಮಾಧಿಗೃಹದಲ್ಲಿ ರೋಮಿಯೊ ಅವಳ ತುಟಿಯ ಕೆಂಪನ್ನು ಕಂಡು ಬೆರಗಾಗುತ್ತಾನೆ. ಕಣ್ಣು ಸತ್ಯವನ್ನು ಕಂಡಿದೆ; ಬುದ್ಧಿಗೆ ಅದು ಹೊಳೆಯದು. ಇನ್ನೊಂದಿಷ್ಟು ಹೊತ್ತು ತಾಳಬಾರದೆ ಎಂದು ಸಭೆಯಲ್ಲಿ ಕುಳಿತವರ ನಾಲಗೆ ಮಿಡುಕುತ್ತದೆ. ಅವನು ವಿಷ ಕುಡಿಯುತ್ತಾನೆ.

ಇದನ್ನು ಸಹಿಸಲಾಗದೆಯೋ ಏನೋ, 1748ರಲ್ಲಿ ಡೇವಿಡ್ ಗ್ಯಾರಿಕ್ ಲಂಡನ್ನಿನಲ್ಲಿ ನಾಟಕವನ್ನು ತಿದ್ದಿ ಆಡಿಸಿದ. ಅವನ ರೋಮಿಯೊ ಪ್ರಾಣ ಬಿಡುವ ಮೊದಲೇ ಜೂಲಿಯೆಟ್ಟಳು ಎಚ್ಚರಗೊಳ್ಳುತ್ತಾಳೆ. ಇಬ್ಬರಿಗೂ ಕಡೆಯ ಮಾತುಗಳುಂಟು. ಜನ ಕಣ್ಣೀರು ಸುರಿಸಿದರು. ಸುಮಾರು ಒಂದು ಶತಮಾನ ಈ ಪಾಠವೇ ರಂಗವನ್ನಾಳಿತು. ಆದರೆ ಕಣ್ಣೀರು ಅಗ್ಗವಾಯಿತು. ರೋಮಿಯೊನಿಗೂ ವಿಷಯ ತಿಳಿದ ಮೇಲೆ ಪ್ರೇಕ್ಷಕ ಒಂಟಿಯಾಗಿ ಹೊರಬೇಕಾದ ಭಾರವೆಲ್ಲಿ? ಮೂಲಪಾಠವನ್ನು 1845ರಲ್ಲಿ ಲಂಡನ್ನಿನ ರಂಗಕ್ಕೆ ಮರಳಿ ತಂದವಳು ಅಮೆರಿಕದ ನಟಿ ಷಾರ್ಲೆಟ್ ಕುಷ್‌ಮನ್. ರೋಮಿಯೊನ ಪಾತ್ರವನ್ನು ಆಕೆಯೇ ವಹಿಸಿದಳು. ಜೂಲಿಯೆಟ್ ಆದವಳು ಆಕೆಯ ತಂಗಿ ಸೂಸನ್. ಜೂಲಿಯೆಟ್ಟಳು ಕಣ್ತೆರೆಯುವ ಹೊತ್ತಿಗೆ ಆ ರೋಮಿಯೊ ಸತ್ತುಹೋಗಿದ್ದ.