ಗೋಣಿಯಲ್ಲಿ ಬಿಟ್ಟ ಮರಿ ನಮ್ಮ ಹಟ್ಟಿಗೇ ಬರುತ್ತದೆ

ಕಳೆದ ಗ್ರಾಮಸಭೆಯಲ್ಲಿ ರಸ್ತೆ, ನೀರಿಗಿಂತ ಹೆಚ್ಚು ಹೊತ್ತು ಚರ್ಚೆ ಆದದ್ದು ಬೀದಿ ನಾಯಿಗಳ ಬಗ್ಗೆ. ಶಾಲೆ ಮಕ್ಕಳನ್ನು ಅಟ್ಟಿಸಿಕೊಂಡು ಬರುತ್ತವೆ, ಕೋಳಿ ಹಿಡಿಯುತ್ತವೆ, ಬೈಕಿಗೆ ಅಡ್ಡ ಬರುತ್ತವೆ ಎಂದು ಒಬ್ಬರಾದ ಮೇಲೆ ಒಬ್ಬರು ಎದ್ದು ಹೇಳಿದರು. ‘ಪಂಚಾಯತಿನವರು ಎಲ್ಲವನ್ನೂ ಹಿಡಿದುಕೊಂಡು ಹೋಗಲಿ’ ಎಂದಾಯಿತು. ಆಗ ಹಿಂದಿನ ಬೆಂಚಿನಿಂದ ಒಬ್ಬರು ಅಜ್ಜಿ, ‘ಅವು ಬೀದಿಯಲ್ಲಿ ಹುಟ್ಟಿದ್ದಲ್ಲ ಮಕ್ಕಳೇ, ನಾವು ಬಿಟ್ಟದ್ದು’ ಎಂದರು. ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕು ಹತ್ತಿರ ಬರುವ ಸಿದ್ಧಕಟ್ಟೆ-ವೇಣೂರು ಕಡೆಯ ಗುಡ್ಡೆ ಜಾಗ. ಅಡಿಕೆ ತೋಟ ಇಲ್ಲ. ಬೋರು ಕೊರೆಸಿದೆ, ಧೂಳು ಬಂತು. ಮಳೆಯನ್ನೇ ನಂಬಿ ಎರಡೆಕರೆ ಗೇರು, ಬೆಟ್ಟು ಗದ್ದೆಯಲ್ಲಿ ಏಣೆಲು ಒಂದೇ ಬೆಳೆ, ಮತ್ತೆ ಒಂದಷ್ಟು ಮರಗೆಣಸು, ಹುರುಳಿ. ಹಟ್ಟಿಯಲ್ಲಿ ಒಂದೆರಡು ದನ. ಓದಿದ್ದು ಏಳನೇ ಕ್ಲಾಸು. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನಾನು ಮಾಡಿದ್ದು

ಸುಮಾರು ಹದಿನೈದು ವರ್ಷದ ಹಿಂದೆ ನಮ್ಮ ಮನೆ ನಾಯಿ ಆರು ಮರಿ ಹಾಕಿತು. ಎರಡು ಗಂಡು, ನಾಲ್ಕು ಹೆಣ್ಣು. ಗಂಡು ಮರಿಗಳನ್ನು ಕಣ್ಣು ಬಿಡುವ ಮೊದಲೇ ಜನ ಹೇಳಿಟ್ಟಿದ್ದರು. ಹೆಣ್ಣು ಯಾರಿಗೂ ಬೇಡ. ಎರಡು ತಿಂಗಳು ನೋಡಿ, ಒಂದು ರಾತ್ರಿ ನಾಲ್ಕನ್ನೂ ಗೋಣಿಚೀಲಕ್ಕೆ ಹಾಕಿ ಬೈಕಿನಲ್ಲಿ ಕಟ್ಟಿಕೊಂಡು ಹೋಗಿ, ಪೇಟೆಯ ಕೋಳಿ ಅಂಗಡಿಯ ಹಿಂದೆ ಬಿಟ್ಟು ಬಂದೆ. ಅಲ್ಲಾದರೆ ತಿನ್ನಲಿಕ್ಕೆ ಏನಾದರೂ ಸಿಗುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಮರುದಿನ ಡೈರಿಗೆ ಹಾಲು ಕೊಡಲಿಕ್ಕೆ ಅದೇ ದಾರಿ. ಒಂದು ಮರಿ ರಸ್ತೆಯಲ್ಲಿ ಸತ್ತು ಬಿದ್ದಿತ್ತು. ಎರಡು ಕಾಣಲಿಲ್ಲ. ಇನ್ನೊಂದು ಅದೇ ಗೋಣಿಯ ಮೇಲೆ ಕೂತಿತ್ತು. ನನ್ನ ಬೈಕಿನ ಶಬ್ದಕ್ಕೆ ಎದ್ದು ಬಾಲ ಅಲ್ಲಾಡಿಸಿತು. ನಾನು ನಿಲ್ಲಿಸಲಿಲ್ಲ.

ಇದನ್ನು ಮನೆಯಲ್ಲೂ ಪೂರ್ತಿ ಹೇಳಿರಲಿಲ್ಲ. ಈಗ ಯಾಕೆ ಹೇಳುತ್ತೇನೆಂದರೆ, ಇದನ್ನು ಓದುವವರಲ್ಲಿ ಅಂಥ ಗೋಣಿ ಕಟ್ಟಿದವರು ನಾನೊಬ್ಬನೇ ಅಲ್ಲ ಎಂದು ನನಗೆ ಗೊತ್ತುಂಟು.

ದನದ ಬಾಯಿಗೆ ಕೈ ಹಾಕಿದ್ದು

ಐದಾರು ವರ್ಷ ಕಳೆಯಿತು. ನಮ್ಮ ಒಂದು ಕರಾವಿನ ದನ ಇದ್ದಕ್ಕಿದ್ದಂತೆ ಹುಲ್ಲು ಬಿಟ್ಟಿತು. ಬಾಯಲ್ಲಿ ಜೊಲ್ಲು, ಗಂಟಲು ಬಿಗಿದ ಹಾಗೆ ಒಂದು ಥರ ಕೂಗು. ಮಾವಿನ ಗೊರಟು ಸಿಕ್ಕಿರಬೇಕೆಂದು ನಾನು ಮೊಣಕೈವರೆಗೆ ಬಾಯಿಗೆ ಕೈ ಹಾಕಿ ತಡಕಿದೆ. ಮಗನೂ ನಾಲಗೆ ಹಿಡಿದ. ಗೊರಟು ಸಿಗಲಿಲ್ಲ. ದನ ನಾಲ್ಕನೇ ದಿನ ಸತ್ತಿತು. ನೋಡಲು ಬಂದ ಡಾಕ್ಟರು, ‘ಇದು ಹುಚ್ಚುನಾಯಿ ರೋಗದ ಲಕ್ಷಣ, ಕೈ ಹಾಕಿದವರೆಲ್ಲ ಇವತ್ತೇ ಆಸ್ಪತ್ರೆಗೆ ಹೋಗಿ’ ಎಂದರು. ತಿಂಗಳೊಂದರ ಹಿಂದೆ ಗುಡ್ಡೆಯಲ್ಲಿ ಮೇಯುತ್ತಿದ್ದ ದನಗಳ ನಡುವೆ ಒಂದು ನಾಯಿ ನುಗ್ಗಿದ್ದು ಆಗ ನೆನಪಾಯಿತು.

ಇಬ್ಬರೂ ಪೂರ್ತಿ ಇಂಜೆಕ್ಷನ್ ತೆಗೆದುಕೊಂಡೆವು. ನಾನು ಸಣ್ಣವನಿರುವಾಗ ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುತ್ತಿದ್ದರು. ಆ ಹಳೇ ಲಸಿಕೆಯ ತಯಾರಿ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತಿತು. ಈಗ ತೋಳಿಗೆ ನಾಲ್ಕೈದು ಸಲ, ಸರಕಾರಿ ಆಸ್ಪತ್ರೆಯಲ್ಲಿ ಧರ್ಮಕ್ಕೆ ಸಿಗುತ್ತದೆ. ಹೇಳಿದ ದಿನ ಮಾತ್ರ ತಪ್ಪಿಸಬಾರದು. ಈ ರೋಗದ ಲಕ್ಷಣ ಒಮ್ಮೆ ಶುರುವಾದರೆ ಮನುಷ್ಯನಾಗಲಿ ದನವಾಗಲಿ ಉಳಿಯುವುದಿಲ್ಲ ಎಂದೇ ಲೆಕ್ಕ.

ದನಕ್ಕೆ ಕಚ್ಚಿದ ನಾಯಿ ನಾನು ಬಿಟ್ಟ ಮರಿಯ ಸಂತಾನವೋ ಅಲ್ಲವೋ, ಯಾರಿಗೆ ಗೊತ್ತು? ಆದರೆ ನನ್ನಂಥ ಒಬ್ಬನು ಎಲ್ಲೋ ಬಿಟ್ಟ ನಾಯಿಯ ಸಂತಾನವೇ ಇರಬೇಕು. ಪೀಡೆ ಕಳೆಯಿತೆಂದು ಊರಿನಾಚೆ ಬಿಟ್ಟದ್ದು ಹಟ್ಟಿಗೇ ಬಂತು.

ಬೊಗ್ಗಿ ಬಂದಳು

2021ರ ಆಟಿ ತಿಂಗಳ ಜಡಿಮಳೆಯಲ್ಲಿ ಒಂದು ನಾಯಿ ಹಟ್ಟಿಯ ಮೂಲೆಗೆ ಬಂದು ಮಲಗಿತು. ಕೆಂಚು ಬಣ್ಣ, ಒಂದು ಕಿವಿ ನೆಟ್ಟಗೆ, ಒಂದು ಮಡಚಿದ್ದು. ಮೋರೆ ಉದ್ದ, ಕಾಲು ಗಿಡ್ಡ. ಏಳು ಮನೆಯ ನಾಯಿ ಅದರೊಳಗೆ ಇರಬೇಕು. ನಾನು ಹಿಡಿಸೂಡಿ ಹಿಡಿದು ಓಡಿಸಲು ಹೋದೆ. ಮನೆಯವಳು ಗಂಜಿ ತಂದಿಟ್ಟು, ‘ಹೆಣ್ಣು. ಹಾಗಾಗಿ ಬಿಟ್ಟಿದ್ದಾರೆ’ ಎಂದಳು. ನನ್ನನ್ನು ಉದ್ದೇಶಿಸಿ ಹೇಳಿದ್ದಲ್ಲ. ಆದರೂ ತಾಗಿತು. ಹಿಡಿಸೂಡಿ ಮೂಲೆಗಿಟ್ಟೆ.

ಬೊಗ್ಗಿ ಎಂದು ಹೆಸರಾಯಿತು. ಹತ್ತು ಹನ್ನೆರಡು ದಿನ ಕಟ್ಟಿಹಾಕಿ, ಮಕ್ಕಳನ್ನು ಹತ್ತಿರ ಬಿಡದೆ ನೋಡಿಕೊಂಡೆವು. ಆಮೇಲೆ ಲಸಿಕೆ ಹಾಕಿಸಿದೆವು. ದೊಡ್ಡ ನಾಯಿಯನ್ನು ಸಾಕಲು ಹೊರಟರೆ ಈ ಜಾಗ್ರತೆ ಬೇಕು, ಅದರ ಗುಣ ನಮಗೆ ಗೊತ್ತಿರುವುದಿಲ್ಲ.

ಅವಳನ್ನು ಹೊಗಳಿ ಸುಳ್ಳು ಹೇಳುವುದಿಲ್ಲ. ಮೊದಲ ವರ್ಷ ಎರಡು ಕೋಳಿ ತಿಂದಳು. ಮಂಗಗಳು ಅವಳ ಉಪಾಯವನ್ನು ವಾರದಲ್ಲೇ ಕಲಿತು, ಮರದ ಮೇಲೆ ಕೂತು ಅವಳನ್ನೇ ಗೇಲಿ ಮಾಡುತ್ತವೆ. ಹಂದಿ ಬರುವುದು ನಿಂತಿತು ಎಂದರೂ ಸುಳ್ಳಾಗುತ್ತದೆ. ಆದರೆ ಹಂದಿ ಮರಗೆಣಸಿಗೆ ಇಳಿಯುವ ಮೊದಲೇ ಬೊಗಳಿ ಎಬ್ಬಿಸುತ್ತಾಳೆ. ನಾವು ಟಾರ್ಚು ಹಾಕಿ ತಗಡು ಬಡಿಯುವಷ್ಟು ಹೊತ್ತು ಸಿಗುತ್ತದೆ. ಮೊದಲೆಲ್ಲ ಬೆಳಗ್ಗೆ ಎದ್ದು ಉತ್ತ ಹಾಗಿದ್ದ ನೆಲ ನೋಡುವುದಷ್ಟೇ ನಮ್ಮ ಪಾಲಿಗಿತ್ತು. ಒಂದು ಮಾತು: ನಾಯಿ ಬಿಟ್ಟು ಹಂದಿ, ಬರಿಂಕ ಹಿಡಿಸುವ ಆಸೆ ಬೇಡ. 1972ರ ವನ್ಯಜೀವಿ ಕಾನೂನಿನಲ್ಲಿ ಅದು ಬೇಟೆ. ನಾಯಿ ಕಾವಲಿಗೆ ಸಾಕು.

ಜಾತಿ ನಾಯಿ, ಕಾಟು ನಾಯಿ

ನಮ್ಮ ಹತ್ತಿರದವರೊಬ್ಬರು ಹತ್ತಾರು ಸಾವಿರ ಕೊಟ್ಟು ಮಂಗಳೂರಿನಿಂದ ಜಾತಿ ನಾಯಿ ತಂದರು. ಉದ್ದ ಕೂದಲು. ಮಳೆಗಾಲ ಬಂದದ್ದೇ ಮೈಯೆಲ್ಲ ಕಜ್ಜಿ, ವಾರಕ್ಕೊಮ್ಮೆ ಡಾಕ್ಟರು. ತಪ್ಪು ನಾಯಿಯದ್ದಲ್ಲ, ಅದು ಚಳಿ ದೇಶಕ್ಕೆ ಆದದ್ದು. ನಮ್ಮ ರಾಜ್ಯದ ಮುಧೋಳ ನಾಯಿಯೇ ಉಂಟಲ್ಲ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು, ಸೈನ್ಯದವರೂ ಕೊಂಡುಹೋಗಿ ತರಬೇತಿ ಕೊಟ್ಟರು. ಒಳ್ಳೆ ನಾಯಿಯೇ. ಆದರೆ ಅದಕ್ಕೆ ಓಡಲು ಬಾಗಲಕೋಟೆ ಕಡೆಯ ಬಯಲು ಬೇಕು.

ನಾವು ಕೃಷಿಕರು ಕಾಟು ಮಾವಿನ ಮಿಡಿ ಹುಡುಕಿಕೊಂಡು ಹೋಗುವವರು. ಕಸಿ ಕಟ್ಟಲು ಬುಡಕ್ಕೆ ಬೇಕಾದದ್ದೂ ಕಾಟು ಸಸಿಯೇ. ಅದರ ತಾಯಿ ಮರ ಯಾವುದು ಎಂದು ಕೇಳುತ್ತೇವಾ? ಇಲ್ಲಿಯ ಮಳೆ, ಇಲ್ಲಿಯ ಮಣ್ಣು ತಡೆದು ನಿಂತಿದೆ, ಅಷ್ಟು ಸಾಕು. ಮಲೆನಾಡು ಗಿಡ್ಡ ಉಳಿಯಬೇಕು ಎಂದು ಭಾಷಣ ಮಾಡುತ್ತೇವೆ. ನಾಯಿ ವಿಷಯಕ್ಕೆ ಬಂದಾಗ ಮಾತ್ರ ಕಾಟು ಎಂಬುದು ಬೈಗುಳ ಆಗುತ್ತದೆ. ಇದು ಯಾವ ನ್ಯಾಯ ಮಾರಾಯ್ರೇ? ನಮ್ಮ ಗಂಜಿ, ಬಂಗುಡೆ ತಲೆಯಲ್ಲಿ ಬದುಕಿ, ಆಟಿಯ ಮಳೆ ತಡೆದುಕೊಳ್ಳುವ ನಾಯಿ ಬೇಕಾದರೆ ಅದು ಪೇಟೆಯ ಬಸ್‌ಸ್ಟ್ಯಾಂಡಿನಲ್ಲೇ ಉಂಟು.

ಸಾಕುವುದಾದರೆ

ಅನ್ನ ಹಾಕಿದ ಮಾತ್ರಕ್ಕೆ ಸಾಕಿದ ಹಾಗಾಗುವುದಿಲ್ಲ. ಅನ್ನ ಹಾಕಿ ಲಸಿಕೆ ಹಾಕಿಸದ ನಾಯಿ ಬೀದಿಯದ್ದಕ್ಕಿಂತ ಹೆಚ್ಚು ಅಪಾಯ, ಯಾಕೆಂದರೆ ಅದು ಮಕ್ಕಳ ಕೈ ನೆಕ್ಕುತ್ತದೆ. ಮರಿಗೆ ಮೂರು ತಿಂಗಳಾಗುವಾಗ ರೇಬಿಸ್ ಲಸಿಕೆ, ಆಮೇಲೆ ಡಾಕ್ಟರು ಹೇಳಿದ ಹಾಗೆ ವರ್ಷ ವರ್ಷ. ಯಾವ ನಾಯಿ ಕಚ್ಚಿದರೂ ಮೊದಲು ಹದಿನೈದು ನಿಮಿಷ ಸಾಬೂನು ಹಾಕಿ ಹರಿಯುವ ನೀರಲ್ಲಿ ತೊಳೆಯಬೇಕು. ಸುಣ್ಣ, ಅರಸಿನ ಬೇಡ. ಜೊಲ್ಲು ಸುರಿಸುವ ದನದ ಬಾಯಿಗೆ ಬರಿ ಕೈ ಹಾಕಬೇಡಿ. ನಾನು ಹಾಕಿ ಕಲಿತದ್ದು.

ಎರಡನೆಯದು ಉಣ್ಣಿ. 1982-83ರಲ್ಲಿ ಬೆಳ್ತಂಗಡಿ ತಾಲೂಕಿನ ಕಾಡಂಚಿನಲ್ಲಿ ಮಂಗನ ಕಾಯಿಲೆ ಬಂದು ಜನ ಸತ್ತದ್ದನ್ನು ನಮ್ಮ ಪ್ರಾಯದವರು ಮರೆತಿಲ್ಲ. ಅದು ಹರಡುವುದು ಕಾಡಿನ ಉಣ್ಣಿಯಿಂದ. ಗುಡ್ಡೆ ಸುತ್ತಿ ಬಂದ ನಾಯಿಯನ್ನು ನೇರ ಚಾವಡಿಗೆ ಬಿಡಬಾರದು, ಉಣ್ಣಿಗೆ ಮದ್ದು ಹಾಕುತ್ತಿರಬೇಕು.

ಮೂರನೆಯದು ಚಿರತೆ. ನಮ್ಮಲ್ಲಿ ಚಿರತೆ ಅಂಗಳಕ್ಕೆ ಬರುವುದೇ ನಾಯಿಗಾಗಿ. ರಾತ್ರಿ ಸಂಕೋಲೆಯಲ್ಲಿ ಕಟ್ಟಿಹಾಕಿದರೆ ಬಡಿಸಿಟ್ಟ ಹಾಗೆ. ಸರಳು ಹಾಕಿದ ಗಟ್ಟಿ ಗೂಡು ಬೇಕು. ಗೂಡಿನಿಂದಲೂ ಬೊಗಳಿ ಎಬ್ಬಿಸಬಹುದು.

ಎಲ್ಲಕ್ಕಿಂತ ಮುಖ್ಯದ್ದು ಸಂತಾನ ತಡೆಯುವ ಆಪರೇಶನ್. ಹೆಣ್ಣು ನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರಬಹುದು, ಸಲಕ್ಕೆ ನಾಲ್ಕೈದು ಮರಿ. ಗೋಣಿಚೀಲದ ಕತೆ ಶುರುವಾಗುವುದೇ ಅಲ್ಲಿಂದ. ಬೊಗ್ಗಿಗೆ ಮಾಡಿಸಲು ನಾನು ಮೂರು ಸಲ ಅಲೆದೆ. ಒಮ್ಮೆ ಡಾಕ್ಟರು ರಜೆ, ಒಮ್ಮೆ ಅರಿವಳಿಕೆ ಮದ್ದು ಇಲ್ಲ. ಮೂರನೇ ಸಲ ದೂರದ ಊರಿಗೆ ಜೀಪು ಮಾಡಿ ಹೋದೆ. ಲಸಿಕೆ, ಗೂಡು, ಅನ್ನ ಎಲ್ಲದಕ್ಕಿಂತ ಖರ್ಚಾದದ್ದು ಇದಕ್ಕೆ. ಬಡ ಕೃಷಿಕ ಮರಿಗಳನ್ನು ಬಿಡುವುದು ಕ್ರೂರಿಯಾಗಿ ಅಲ್ಲ, ಇನ್ನೊಂದು ದಾರಿ ಹತ್ತಿರದಲ್ಲಿ ಇಲ್ಲದೆ.

ಕೇಳಬೇಕಾದದ್ದು ಇದನ್ನು

ಗ್ರಾಮಸಭೆಯಲ್ಲಿ ‘ಹಿಡಿದುಕೊಂಡು ಹೋಗಿ’ ಎಂದೆವಲ್ಲ, ಎಲ್ಲಿಗೆ? ಇಲ್ಲಿಯದ್ದನ್ನು ಅಲ್ಲಿ ಬಿಟ್ಟರೆ ಅಲ್ಲಿಯವರು ಇಲ್ಲಿ ಬಿಡುತ್ತಾರೆ. ನಾಯಿಗಳ ಆಪರೇಶನ್, ಲಸಿಕೆಯ ಜವಾಬ್ದಾರಿ ಸ್ಥಳೀಯ ಸಂಸ್ಥೆಗಳದ್ದು ಎಂದು 2001ರಿಂದಲೇ ಕೇಂದ್ರದ ನಿಯಮ ಉಂಟು. 2023ರಲ್ಲಿ ಅದನ್ನು ಹೊಸದಾಗಿ ಮಾಡಿದರು. ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರ ಆದೇಶದಲ್ಲಿ, ಹುಚ್ಚು ಹಿಡಿದ ಮತ್ತು ಮೇಲೆ ಬೀಳುವ ನಾಯಿ ಬಿಟ್ಟು ಉಳಿದವನ್ನು ಆಪರೇಶನ್, ಲಸಿಕೆ ಮಾಡಿ ಹಿಡಿದಲ್ಲೇ ಬಿಡಬೇಕು ಎಂದಿತು. ಮನಸ್ಸಿದ್ದವರು ದತ್ತು ತೆಗೆದುಕೊಳ್ಳಬಹುದು, ಆದರೆ ಆ ನಾಯಿ ಮತ್ತೆ ಬೀದಿಗೆ ಬೀಳಬಾರದು ಎಂದೂ ಹೇಳಿತು. ನವೆಂಬರ್ 7ರಂದು, ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಶನುಗಳಿಂದ ಹಿಡಿದ ನಾಯಿಯನ್ನು ಅಲ್ಲಿಗೇ ತಿರುಗಿ ಬಿಡಬಾರದು, ಆಶ್ರಯದಲ್ಲಿಡಬೇಕು ಎಂದಿತು. ನಮ್ಮ ಹಳ್ಳಿಗಳಲ್ಲಿ ಅಂಥ ಆಶ್ರಯ ಎಲ್ಲುಂಟು? ನಮ್ಮ ಹಟ್ಟಿಯ ಮೂಲೆಯೇ ಆಶ್ರಯ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಪಂಚಾಯತು ವರ್ಷಕ್ಕೊಮ್ಮೆ ಊರಲ್ಲೇ ಲಸಿಕೆ ಮತ್ತು ಆಪರೇಶನ್ ಶಿಬಿರ ಮಾಡಲಿ. ನಾವು, ನಾಯಿ ಬೇಕಾದವರು, ದುಡ್ಡು ಕೊಟ್ಟು ತರುವ ಮೊದಲು ಬೀದಿಯ ಒಂದು ಮರಿಯನ್ನು ತರೋಣ. ಹೆಣ್ಣನ್ನೇ ಮೊದಲು ತರೋಣ. ಒಂದು ಹೆಣ್ಣು ಮನೆಗೆ ಬಂದು ಆಪರೇಶನ್ ಆಯಿತೆಂದರೆ ಬೀದಿಯಲ್ಲಿ ವರ್ಷಕ್ಕೆ ಎಂಟು ಹತ್ತು ಮರಿ ಕಡಿಮೆ. ಸಾಕಲು ಆಗುವುದಿಲ್ಲ ಎನ್ನುವವರು ತರುವುದು ಬೇಡ. ಆದರೆ ಗೋಣಿ ಕಟ್ಟುವುದೂ ಬೇಡ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಎದ್ದು ಹೇಳಬೇಕೆಂದಿದ್ದೇನೆ. ಕೋಳಿ ಅಂಗಡಿಯ ಕತೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಊರಲ್ಲಿ ಯಾರಾದರೂ ಇಂಥ ಶಿಬಿರ ಮಾಡಿಸಿದ್ದರೆ, ಹೇಗೆ ಮಾಡಿಸಿದಿರಿ, ಎಷ್ಟು ಖರ್ಚಾಯಿತು ಎಂದು ಇದೇ ಪುಟಕ್ಕೆ ಬರೆಯಿರಿ. ನಮಗೆ ದಾರಿಯಾಗುತ್ತದೆ.